ಇಷ್ಟೊಂದು ಕುಲಕರ್ಣಿಗಳು ಎಲ್ಲಿಂದ ಬಂದರು?

2024ರಲ್ಲಿ ಕರ್ನಾಟಕದಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಪಿಯುಸಿ ಮುಗಿಸಿದವರು ಅರ್ಜಿ ಹಾಕಬಹುದಿತ್ತು. ಊರಿನ ಜಮೀನು, ಬೆಳೆ, ಕಂದಾಯದ ಲೆಕ್ಕ ಇಡುವ ಕೆಲಸ ಅದು. ಮೊನ್ನೆ ಮೊನ್ನೆಯವರೆಗೆ ಅದನ್ನು ಗ್ರಾಮ ಲೆಕ್ಕಿಗ ಅನ್ನುತ್ತಿದ್ದೆವು.

ನಮ್ಮ ಮುತ್ತಜ್ಜನ ಕಾಲದಲ್ಲಿ ಇದೇ ಕೆಲಸಕ್ಕೆ ಬೇಕಾಗಿದ್ದ ಮೊದಲ ಅರ್ಹತೆ ಬೇರೆ. ಊರಿನಲ್ಲಿ ಒಂದು ಮನೆ ಇರುತ್ತಿತ್ತು. ಆ ಮನೆಯಲ್ಲಿ ಹುಟ್ಟಬೇಕಿತ್ತು, ಅಷ್ಟೇ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಆ ಕೆಲಸ ಮಾಡುವವನನ್ನು ಕುಲಕರ್ಣಿ ಅಂತ ಕರೆಯುತ್ತಿದ್ದರು.

ಈಗ ಆ ಹುದ್ದೆ ಇಲ್ಲ. ಹೆಸರು ಮಾತ್ರ ಎಲ್ಲೆಡೆ ಇದೆ. ಧಾರವಾಡದ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಒಂದೆರಡು ಕುಲಕರ್ಣಿ ಸಿಗುತ್ತಾರೆ. ಪುಣೆಯಲ್ಲಿ ಜಾಸ್ತಿಯೇ ಸಿಗುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಬರೀ ‘ಕುಲಕರ್ಣಿ’ ಅಂತ ಇಮೇಲ್ ಹುಡುಕಿದರೆ ಯಾವ ಕುಲಕರ್ಣಿ ಅಂತ ತಲೆ ಕೆರೆದುಕೊಳ್ಳಬೇಕು. ಇವರೆಲ್ಲ ಒಂದೇ ಮನೆತನದವರಾ? ಮೈಸೂರು ಕಡೆ ಇದೇ ಕೆಲಸ ಮಾಡಿದವರ ಮೊಮ್ಮಕ್ಕಳಿಗೆ ಯಾಕೆ ಬರೀ ಇನಿಶಿಯಲ್ ಇದೆ, ಅಡ್ಡಹೆಸರು ಇಲ್ಲ? ಒಂದೊಂದಾಗಿ ನೋಡೋಣ.

## ಮೊದಲು ಪದ ಬಿಡಿಸೋಣ

ಪದದಲ್ಲಿ ಎರಡು ತುಂಡುಗಳಿವೆ. ಎರಡನೆಯದು ಸುಲಭ, ಅಲ್ಲಿಂದಲೇ ಶುರು ಮಾಡೋಣ.

‘ಕರ್ಣಿ’ ಬಂದಿದ್ದು ಕರಣ, ಕರಣಿಕ ಎಂಬ ಪದಗಳಿಂದ. ಕರಣಿಕ ಅಂದರೆ ಬರೆಯುವವನು, ಲೆಕ್ಕ ಇಡುವವನು. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ‘ಶ್ರೀಕರಣ’ ಎಂಬ ಇಲಾಖೆಯೇ ಬರುತ್ತದೆ. ಈಗಿನ ಮಾತಿನಲ್ಲಿ ಅಕೌಂಟ್ಸ್ ಡಿಪಾರ್ಟ್‌ಮೆಂಟ್. ಮಹಾಭಾರತದ ಕರ್ಣನಿಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ‘ಕುಲ’. ಮರಾಠಿಯಲ್ಲಿ ಈ ಹೆಸರನ್ನು ಕುಲಕರ್ಣಿ ಅಂತಲೂ ಕುಳಕರ್ಣಿ ಅಂತಲೂ ಬರೆಯುತ್ತಾರೆ. ಹಳೆಯ ಕನ್ನಡ ಕಾಗದಗಳಲ್ಲೂ ಎರಡೂ ರೂಪ ಕಾಣುತ್ತವೆ. ಆ ‘ಕುಳ’ದಲ್ಲೇ ಗುಟ್ಟಿರುವುದು. ಕುಳ ಅಂದರೆ ಸರ್ಕಾರಕ್ಕೆ ಕಂದಾಯ ಕಟ್ಟಬೇಕಾದ ರೈತ, ಅಥವಾ ಅವನ ಮನೆ. ‘ದೊಡ್ಡ ಕುಳ’, ‘ಭಾರೀ ಕುಳ’ ಅಂತ ಪೇಪರ್‌ನಲ್ಲಿ ಓದುತ್ತೀರಲ್ಲ, ಅದೇ ಪದ. ಜಾಸ್ತಿ ಕಂದಾಯ ಕಟ್ಟುವವನು ದೊಡ್ಡ ಕುಳ. ಕಂದಾಯ ಹೋಯಿತು, ದುಡ್ಡಿನ ಗತ್ತು ಪದದಲ್ಲಿ ಉಳಿಯಿತು. ಒಬ್ಬೊಬ್ಬ ರೈತನ ಹೆಸರಿನಲ್ಲಿ ಬೇರೆ ಬೇರೆ ಲೆಕ್ಕ ಬರೆಯುವುದಕ್ಕೆ ‘ಕುಳವಾರು’ ಲೆಕ್ಕ ಅನ್ನುತ್ತಿದ್ದರು.

ಅಲ್ಲಿಗೆ ಕುಳಗಳ ಲೆಕ್ಕ ಬರೆಯುವವನೇ ಕುಳಕರ್ಣಿ. ಕುಲ ಅಂದರೆ ಮನೆತನ ಅಂತ ಹಿಡಿದರೂ ಅರ್ಥ ದೂರ ಹೋಗುವುದಿಲ್ಲ. ಮನೆ ಮನೆಯ ಲೆಕ್ಕ ಬರೆಯುವವನು, ಅಷ್ಟೇ.

‘ಕರ್ಣಿ’ಯ ನೆಂಟರು ಬಹಳ. ನಾಡಿನ ಮಟ್ಟದ, ಅಂದರೆ ಹತ್ತಾರು ಊರುಗಳ ಲೆಕ್ಕ ನೋಡುವವನು ನಾಡಕರ್ಣಿ. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಸತತ 21 ಮೇಡನ್ ಓವರ್ ಹಾಕಿದ ಬಾಪು ನಾಡಕರ್ಣಿ ನೆನಪಿರಬಹುದು. 32 ಓವರಿಗೆ ಬರೀ 5 ರನ್. ಹೆಸರಿಗೆ ತಕ್ಕ ಬಿಗಿ ಲೆಕ್ಕ! ತೆಲುಗು ನಾಡಿನಲ್ಲಿ ಊರ ಲೆಕ್ಕದವನು ಕರಣಂ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿಯ ಮನೆಹೆಸರಿನಲ್ಲಿ ಇರುವುದು ಅದೇ ಪದ. ಪರ್ಷಿಯನ್ ಭಾಷೆ ಆಡಳಿತದ ಮಾತಾಗಿ ಬಂದ ಮೇಲೆ ‘ಕರ್ಣಿ’ಯ ಜಾಗದಲ್ಲಿ ‘ನವೀಸ್’ ಬಂತು. ಅದಕ್ಕೂ ಬರೆಯುವವನು ಅಂತಲೇ ಅರ್ಥ. ಫಡ್ನವೀಸ್, ಚಿಟ್ನಿಸ್ ಎಲ್ಲ ಆ ಸಾಲಿನವರು.

## ಊರಿಗೊಬ್ಬ ಗೌಡ, ಊರಿಗೊಬ್ಬ ಲೆಕ್ಕದವ

ಹಳೆಯ ಕಾಲದ ಊರಿನಲ್ಲಿ ಸರ್ಕಾರದ ಮುಖ ಅಂದರೆ ಇಬ್ಬರೇ. ಒಬ್ಬ ಯಜಮಾನ, ಒಬ್ಬ ಲೆಕ್ಕದವ. ಯಜಮಾನನಿಗೆ ಉತ್ತರದಲ್ಲಿ ಪಾಟೀಲ ಅಥವಾ ಗೌಡ, ಮೈಸೂರು ಕಡೆ ಪಟೇಲ. ಕಂದಾಯ ವಸೂಲಿ, ಜಗಳ ತೀರ್ಮಾನ, ಕಳ್ಳತನದ ತನಿಖೆ ಅವನ ಪಾಲು. ಲೆಕ್ಕದವನಿಗೆ ಉತ್ತರದಲ್ಲಿ ಕುಲಕರ್ಣಿ, ಮೈಸೂರು ಮತ್ತು ಕರಾವಳಿಯಲ್ಲಿ ಶಾನುಭೋಗ. ಈಗಿನ ಹೋಲಿಕೆ ಬೇಕಾದರೆ ಹೌಸಿಂಗ್ ಸೊಸೈಟಿಯ ಅಧ್ಯಕ್ಷ ಮತ್ತು ಕಾರ್ಯದರ್ಶಿ ಅಂದುಕೊಳ್ಳಿ. ಅಧ್ಯಕ್ಷರ ಮಾತು ಜೋರು. ಆದರೆ ಯಾರು ಎಷ್ಟು ಬಾಕಿ ಇಟ್ಟಿದ್ದಾರೆ ಅಂತ ಗೊತ್ತಿರುವುದು ಕಾರ್ಯದರ್ಶಿಗೆ.

ಇವರ ಮೇಲೆ ಪರಗಣದ ಮಟ್ಟ. ಪರಗಣ ಅಂದರೆ ಈಗಿನ ತಾಲ್ಲೂಕಿನಂಥ ಒಂದು ಗುಂಪು. ಅಲ್ಲಿಯೂ ಇದೇ ಜೋಡಿ. ಯಜಮಾನಿಕೆಗೆ ದೇಸಾಯಿ, ದೇಶಮುಖ, ನಾಡಗೌಡ. ಲೆಕ್ಕಕ್ಕೆ ದೇಶಪಾಂಡೆ, ನಾಡಕರ್ಣಿ. ಈ ಹೆಸರುಗಳೆಲ್ಲ ಇವತ್ತು ಅಡ್ಡಹೆಸರುಗಳಾಗಿ ಓಡಾಡುತ್ತಿವೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಹಳೆಯ ಕಂದಾಯ ಇಲಾಖೆಯ ಅರ್ಧ ಸಿಬ್ಬಂದಿ ಹಾದುಹೋಗಿರುತ್ತಾರೆ.

ಕುಲಕರ್ಣಿಯ ದಿನದ ಕೆಲಸ ಏನು? ಯಾರ ಹೊಲ ಎಷ್ಟು, ಎಲ್ಲಿಂದ ಎಲ್ಲಿಗೆ, ಏನು ಬೆಳೆ, ಎಷ್ಟು ಕಂದಾಯ, ಎಷ್ಟು ಕಟ್ಟಿದ, ಎಷ್ಟು ಬಾಕಿ, ಬರ ಬಂದಾಗ ಎಷ್ಟು ಮಾಫಿ ಆಯಿತು. ಇದನ್ನೆಲ್ಲ ಬರೆದಿಡಬೇಕು. ವರ್ಷಕ್ಕೊಮ್ಮೆ ಜಮಾಬಂದಿ ಬರುತ್ತದೆ. ಅಂದರೆ ಇಡೀ ಊರಿನ ಕಂದಾಯದ ಲೆಕ್ಕ ಮೇಲಿನವರ ಮುಂದೆ ಒಪ್ಪಿಸಿ ಚುಕ್ತಾ ಮಾಡುವ ದಿನ. ಆ ದಿನ ಪುಸ್ತಕದ ಗಂಟು ಹೊತ್ತು ಹೋಗಬೇಕು. ನಡುವೆ ಊರಿನವರ ಕ್ರಯಪತ್ರ, ಸಾಲಪತ್ರ ಬರೆದುಕೊಡಬೇಕು. ಮಗಳ ಮನೆಗೆ ಕಾಗದ ಬರೆಸಬೇಕಾದರೂ ಜನ ಅವನ ಜಗುಲಿಗೇ ಬರುತ್ತಿದ್ದರು.

ಕಾಗದ ದುಬಾರಿಯಿದ್ದ ಕಾಲದಲ್ಲಿ ಲೆಕ್ಕ ಬರೆಯಲು ‘ಕಡತ’ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಹಚ್ಚಿ, ಒಣಗಿಸಿ, ಬೀಸಣಿಗೆಯಂತೆ ಮಡಚಿಟ್ಟ ಕಪ್ಪು ಹೊತ್ತಗೆ ಅದು. ಅದರ ಮೇಲೆ ಬಳಪದಿಂದ ಬಿಳಿ ಅಕ್ಷರ. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಸ್ತಿ. ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಪದ ಬಂದಿದ್ದು ಇಲ್ಲಿಂದ. ‘ಕಡತ ವಿಲೇವಾರಿ ಆಗಿಲ್ಲ’ ಅಂತ ಗುಮಾಸ್ತರು ಹೇಳುವಾಗ ಹುಣಸೆ ಬೀಜದ ಅಂಟು ಯಾರಿಗೂ ನೆನಪಾಗುವುದಿಲ್ಲ, ಬಿಡಿ.

ಓದು ಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಎಲ್ಲರ ಲೆಕ್ಕವೂ ಒಬ್ಬನ ಕೈಯಲ್ಲಿದ್ದರೆ ಏನಾಗುತ್ತದೆ ಅಂತ ಊಹಿಸಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಸರ್ಕಾರ ಕಂದಾಯ ಮಾಫಿ ಮಾಡಿದರೂ ಅದು ಪುಸ್ತಕದಲ್ಲಿ ಬರಬೇಕಾದ್ದು ಕುಲಕರ್ಣಿಯ ಕೈಯಿಂದ. 19ನೇ ಶತಮಾನದಲ್ಲಿ ಜ್ಯೋತಿರಾವ್ ಫುಲೆ ತಮ್ಮ ಬರಹಗಳಲ್ಲಿ ಕುಲಕರ್ಣಿಗಳನ್ನು ಕಟುವಾಗಿ ಟೀಕಿಸಿದರು. ಅಕ್ಷರ ಬಾರದ ರೈತನನ್ನು ಲೇಖಣಿಯಿಂದಲೇ ಸುಲಿಯುತ್ತಾರೆ ಎಂಬುದು ಅವರ ದೂರು. ಇನ್ನೊಂದು ಕಡೆ, ಸೈನ್ಯಗಳು ಬಂದು ಹೋಗಿ, ಅರಸರು ಬದಲಾದರೂ ಯಾರ ಹೊಲ ಯಾವುದು ಎಂಬ ನೆನಪು ಅಳಿಯದೆ ಉಳಿದದ್ದೂ ಈ ಪುಸ್ತಕಗಳಿಂದಲೇ.

## ವತನ ಅಂದರೇನು?

ಕೆಲಸದ ಹೆಸರು ಮನೆಯ ಹೆಸರಾಗಿದ್ದು ಹೇಗೆ ಅಂತ ತಿಳಿಯಲು ಈ ಒಂದು ಪದ ಅರ್ಥವಾಗಬೇಕು.

ವತನ ಅರಬ್ಬಿ ಮೂಲದ ಪದ. ಮೂಲದಲ್ಲಿ ತಾಯ್ನಾಡು, ನೆಲೆ ಅಂತ ಅರ್ಥ. ನಮ್ಮ ಕಡೆ ಅದು ವಂಶಪಾರಂಪರ್ಯವಾಗಿ ಬಂದ ಹುದ್ದೆ ಮತ್ತು ಆ ಹುದ್ದೆಗೆ ಅಂಟಿಕೊಂಡ ಹಕ್ಕುಗಳ ಹೆಸರಾಯಿತು. ಹುದ್ದೆ ಇದ್ದವನು ವತನದಾರ. ಅವನಿಗೆ ತಿಂಗಳ ಸಂಬಳ ಇಲ್ಲ. ಬದಲಿಗೆ ಇನಾಮು ಜಮೀನು, ಅಂದರೆ ಕಂದಾಯ ಇಲ್ಲದ ಅಥವಾ ಕಡಿಮೆ ಕಂದಾಯದ ಹೊಲ. ಜೊತೆಗೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ ಅಂತ ಪಾಲು. ಕನ್ನಡದಲ್ಲಿ ಇದಕ್ಕೆ ಆಯ ಅನ್ನುತ್ತಿದ್ದರು. ಹೀಗೆ ಆಯ ಪಡೆಯುವವರು ಆಯಗಾರರು. ಊರಿಗೆ ಹನ್ನೆರಡು ಆಯಗಾರರು ಎಂಬ ಮಾತಿದೆ. ಬಡಗಿ, ಕಮ್ಮಾರ, ಕುಂಬಾರ, ಅಗಸ, ತಳವಾರ ಎಲ್ಲ ಈ ಲೆಕ್ಕದಲ್ಲಿ ಬರುತ್ತಾರೆ. ಮಹಾರಾಷ್ಟ್ರದಲ್ಲಿ ಇದನ್ನೇ ಬಾರಾ ಬಲುತೆ ಅನ್ನುತ್ತಾರೆ.

ಮುಖ್ಯ ವಿಷಯ ಏನೆಂದರೆ, ವತನ ಒಬ್ಬ ಮನುಷ್ಯನ ನೌಕರಿ ಆಗಿರಲಿಲ್ಲ. ಅದು ಇಡೀ ಮನೆತನದ ಆಸ್ತಿ. ಹೊಲದ ಹಾಗೆ ಅದನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಹುದಿತ್ತು. ಈ ವರ್ಷ ದೊಡ್ಡಪ್ಪನ ಮನೆ ಲೆಕ್ಕ ಬರೆಯಲಿ, ಮುಂದಿನ ವರ್ಷ ಚಿಕ್ಕಪ್ಪನ ಮನೆ ಬರೆಯಲಿ ಅಂತ ಪಾಳಿ ಹಾಕಿಕೊಳ್ಳುತ್ತಿದ್ದರು. ಅಡವಿಡಬಹುದಿತ್ತು, ಮಾರಲೂಬಹುದಿತ್ತು. ವತನಕ್ಕಾಗಿ ದಾಯಾದಿಗಳು ತಲೆಮಾರುಗಟ್ಟಲೆ ಹೊಡೆದಾಡಿದ ದಾಖಲೆಗಳು ಮರಾಠರ ಕಾಲದಿಂದ ಬೇಕಾದಷ್ಟಿವೆ.

ಹಾಗಾಗಿ ಲೆಕ್ಕ ಬರೆಯುವವನು ಒಬ್ಬ, ಕುಲಕರ್ಣಿಗಳು ಹತ್ತು ಮಂದಿ. ಒಂದು ದಿನವೂ ಬಳಪ ಹಿಡಿಯದ ತಮ್ಮನೂ ಕುಲಕರ್ಣಿಯೇ. ಯಾಕೆಂದರೆ ಹಕ್ಕಿನಲ್ಲಿ ಅವನಿಗೂ ಪಾಲಿದೆ.

## ಹುದ್ದೆ ಅಡ್ಡಹೆಸರಾದ ಬಗೆ

ಊರೊಳಗೆ ಅಡ್ಡಹೆಸರಿನ ಅಗತ್ಯ ಅಷ್ಟಿರಲಿಲ್ಲ. ‘ಕುಲಕರ್ಣಿಯವರ ವೆಂಕಪ್ಪ’ ಅಂದರೆ ಸಾಕು, ಎಲ್ಲರಿಗೂ ಗೊತ್ತು. ವತನದ ಕಾಗದಗಳಲ್ಲಿ ಮಾತ್ರ ‘ಇಂಥ ಊರಿನ ಕುಲಕರ್ಣಿ ಇಂಥವನು’ ಅಂತ ಬರೆಯಲೇಬೇಕಿತ್ತು. ಆ ಕಾಗದವೇ ಹಕ್ಕಿಗೆ ಆಧಾರ. ಹೆಸರು ಬಿಟ್ಟರೆ ಹಕ್ಕು ಬಿಟ್ಟ ಹಾಗೆ.

ಬ್ರಿಟಿಷರು ಬಂದ ಮೇಲೆ ಕಾಗದದ ಹಾವಳಿ ಹೆಚ್ಚಾಯಿತು. ಶಾಲೆಯ ದಾಖಲೆ, ಕೋರ್ಟು, ಪಿಂಚಣಿ, ಸರ್ವೆ. ಮುಂಬೈ ಪ್ರಾಂತ್ಯದಲ್ಲಿ ಇನಾಮು ಜಮೀನು ನಿಜವಾಗಿ ಯಾರದು ಅಂತ ತನಿಖೆ ಮಾಡಲು 1852ರಲ್ಲಿ ಇನಾಮ್ ಕಮಿಷನ್ ಕೆಲಸ ಶುರುಮಾಡಿತು. 1874ರಲ್ಲಿ ವತನಗಳಿಗೆಂದೇ ಒಂದು ಕಾಯ್ದೆ ಬಂತು. ಇಷ್ಟು ಕಡೆ ಒಂದೇ ರೀತಿಯಲ್ಲಿ ಹೆಸರು ಬರೆಸಬೇಕಾದಾಗ ಆ ಪ್ರಾಂತ್ಯದಲ್ಲಿ ಒಂದು ಅಚ್ಚು ಗಟ್ಟಿಯಾಯಿತು: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಅಡ್ಡಹೆಸರಿನ ಜಾಗಕ್ಕೆ ಊರಿನವರು ಕರೆಯುತ್ತಿದ್ದ ಹುದ್ದೆಯೇ ಬಂದು ಕೂತಿತು.

ಹುದ್ದೆ ಇಲ್ಲದವರಿಗೆ ಕಸುಬು, ಕಸುಬೂ ಇಲ್ಲದಿದ್ದರೆ ಊರು, ಮರ, ತರಕಾರಿ ಏನಾದರೂ ಬಂತು. ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಹೂಗಾರ, ತಳವಾರ, ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲ ಅಡ್ಡಹೆಸರಾಗಿದ್ದು ಹೀಗೆ. ಮುಖ್ಯಮಂತ್ರಿಯೂ ಉಪರಾಷ್ಟ್ರಪತಿಯೂ ಆಗಿದ್ದ ಬಸಪ್ಪ ದಾನಪ್ಪ ಜತ್ತಿಯವರ ಹೆಸರು ನೋಡಿ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಜಟ್ಟಿ, ಜತ್ತಿ ಅಂದರೆ ಕುಸ್ತಿ ಪೈಲ್ವಾನ. ಅಡ್ಡಹೆಸರಾದ ಇನ್ನೊಂದು ಕಸುಬು.

## ಮೈಸೂರಿನ ಶಾನುಭೋಗರಿಗೆ ಏನಾಯಿತು?

ಶಾನುಭೋಗ ಪದ ಕುಲಕರ್ಣಿಗಿಂತ ಹಳೆಯ ಗುರುತು ಹೊತ್ತಿದೆ. ಹಳಗನ್ನಡ ಶಾಸನಗಳಲ್ಲಿ ಇದು ‘ಸೇನಬೋವ’. ಶಾಸನದ ಕೊನೆಯಲ್ಲಿ ಇದನ್ನು ಬರೆದವನು ಸೇನಬೋವ ಇಂಥವನು ಅಂತ ಸಹಿಯ ಹಾಗೆ ಬರುವುದುಂಟು. ಜನರ ಬಾಯಲ್ಲಿ ಸವೆದು ಶಾನಭೋಗ, ಶಾನುಭೋಗ, ಶಾನಭಾಗ ಆಯಿತು. ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಶಾನಭಾಗ ಅಡ್ಡಹೆಸರಾಗಿಯೇ ನಿಂತಿದೆ. ಆ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು ಎಂಬುದನ್ನೂ ನೆನಪಿಡಿ.

ಹಳೆ ಮೈಸೂರಿನಲ್ಲಿ ಕಥೆ ಬೇರೆ. ಅಲ್ಲಿ ಹೆಸರಿನ ಅಚ್ಚು ಹಿಂದುಮುಂದು. ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಮೊದಲೆರಡು ಇನಿಶಿಯಲ್ ಆಗಿಬಿಡುತ್ತವೆ. ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ, ಎಚ್.ಡಿ. ದೇವೇಗೌಡ. ಈ ಅಚ್ಚಿನಲ್ಲಿ ಅಡ್ಡಹೆಸರಿಗೆ ಖಾನೆಯೇ ಇಲ್ಲ. ಹಾಗಾಗಿ ತಲೆತಲಾಂತರದಿಂದ ಲೆಕ್ಕ ಬರೆದವರ ಮನೆ ಊರಿನಲ್ಲಿ ‘ಶಾನುಭೋಗರ ಮನೆ’ ಅಂತ ಉಳಿದರೂ ಮಕ್ಕಳ ಮಾರ್ಕ್ಸ್‌ಕಾರ್ಡಿಗೆ ಆ ಹೆಸರು ಹತ್ತಲಿಲ್ಲ.

ಎರಡೂ ಪದ್ಧತಿ ಒಂದೇ ಮನೆಯಲ್ಲಿ ನೋಡಬೇಕೆಂದರೆ ಎಲ್ಲರಿಗೂ ಗೊತ್ತಿರುವ ಒಂದು ಮನೆ ಇದೆ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಸುಧಾ ಕುಲಕರ್ಣಿ. ಮೈಸೂರಿನಲ್ಲಿ ಬೆಳೆದ ನಾಗವಾರ ರಾಮರಾವ್ ನಾರಾಯಣ ಮೂರ್ತಿ. ಹೆಂಡತಿಗೆ ಅಡ್ಡಹೆಸರಿತ್ತು. ಗಂಡನಿಗೆ ಇರಲಿಲ್ಲ, ಊರು ಮತ್ತು ತಂದೆಯ ಇನಿಶಿಯಲ್ ಇತ್ತು. ಮದುವೆಯಾದ ಮೇಲೆ ಅವರು ಸುಧಾ ಮೂರ್ತಿ ಆದರು, ಮಕ್ಕಳು ಅಕ್ಷತಾ ಮೂರ್ತಿ, ರೋಹನ್ ಮೂರ್ತಿ. ಗಂಡನ ಸ್ವಂತ ಹೆಸರಿನ ಅರ್ಧ ತುಂಡು ಮನೆಯವರಿಗೆಲ್ಲ ಅಡ್ಡಹೆಸರಾಯಿತು. ಅಡ್ಡಹೆಸರು ಹುಟ್ಟುವುದನ್ನು ಕಣ್ಣಾರೆ ನೋಡಿದ ಹಾಗೆ, ಅಲ್ವಾ?

ಅಡ್ಡಹೆಸರು ಇಲ್ಲದಿರುವುದರ ಬಿಸಿ ಹೊರದೇಶಕ್ಕೆ ಹೊರಟಾಗ ತಟ್ಟುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶ ಇಲ್ಲ ಅಂದಿತು. ತಂದೆಯ ಹೆಸರು ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ದರೆ ಸಾಕು ಅಂತ ಆಮೇಲೆ ಸಡಿಲಿಸಿತು. ಕುಲಕರ್ಣಿ, ಪಾಟೀಲರಿಗೆ ಈ ತಲೆನೋವು ಬರಲಿಲ್ಲ.

## ಎಲ್ಲ ಕುಲಕರ್ಣಿಗಳೂ ನೆಂಟರಾ?

ಅಲ್ಲ. ಇದು ಒಂದು ಮನೆತನದ ಹೆಸರಲ್ಲ, ಒಂದು ಕುರ್ಚಿಯ ಹೆಸರು. ಊರಿಗೊಂದು ಕುರ್ಚಿ ಇತ್ತು. ಒಂದೂರಿನ ಕುಲಕರ್ಣಿಗೂ ಪಕ್ಕದೂರಿನ ಕುಲಕರ್ಣಿಗೂ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಎಲ್ಲ ಹೆಡ್‌ಮಾಸ್ಟರುಗಳೂ ನೆಂಟರಾ ಅಂತ ಕೇಳಿದ ಹಾಗೆ.

ಅದಕ್ಕೇ ಧಾರವಾಡ, ಬೆಳಗಾವಿ ಕಡೆ ಮದುವೆ ಕರೆಯೋಲೆಯಲ್ಲಿ ವಧುವೂ ಕುಲಕರ್ಣಿ, ವರನೂ ಕುಲಕರ್ಣಿ ಆಗಿರುವುದು ಮಾಮೂಲು. ಹುಡುಗಿಗೆ ಮದುವೆಯ ಮೇಲೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಬದಲಿಸುವ ಕೆಲಸ ಇಲ್ಲ. ಹಿರಿಯರು ನೋಡುವುದು ಗೋತ್ರ, ಊರು, ಮನೆದೇವರನ್ನು. ಅಡ್ಡಹೆಸರು ಅಲ್ಲಿ ಲೆಕ್ಕಕ್ಕಿಲ್ಲ.

ಜಾತಿಯ ವಿಷಯವೂ ಜನ ಅಂದುಕೊಂಡಷ್ಟು ನೇರ ಇಲ್ಲ. ಹೆಚ್ಚಿನ ಕುಲಕರ್ಣಿಗಳು ಬ್ರಾಹ್ಮಣರು. ಅವರಲ್ಲೂ ಮಾಧ್ವರು, ಸ್ಮಾರ್ತರು, ಕನ್ನಡದವರು, ಮರಾಠಿಯವರು ಇದ್ದಾರೆ. ಆದರೆ ಲಿಂಗಾಯತ ಕುಲಕರ್ಣಿಗಳೂ ಇದ್ದಾರೆ. ವತನ ಯಾರ ಕೈಗೆ ಬಂದಿತ್ತೋ ಅವರಿಗೆ ಹೆಸರು ಬಂತು. ಪಾಟೀಲ ಹೆಸರಿನಲ್ಲಿ ಇದು ಇನ್ನೂ ಸ್ಪಷ್ಟ. ಲಿಂಗಾಯತ, ಮರಾಠ, ಜೈನ, ಮುಸ್ಲಿಂ ಪಾಟೀಲರು ಒಂದೇ ತಾಲ್ಲೂಕಿನಲ್ಲಿ ಸಿಗುತ್ತಾರೆ. ಅಡ್ಡಹೆಸರು ಕೇಳಿ ಜಾತಿ ಲೆಕ್ಕ ಹಾಕುವವರು ಇಲ್ಲಿ ಆಗಾಗ ಎಡವುತ್ತಾರೆ.

ಭಾಷೆಯೂ ಹಾಗೇ. ಹೆಸರು ಕೇಳಿ ಮರಾಠಿಯವರು ಅಂದುಕೊಳ್ಳುವವರು ಜಾಸ್ತಿ. ಕನ್ನಡದ ಆರಂಭದ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರ ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಬರೆಯಲು ಆರಿಸಿಕೊಂಡದ್ದು ಹಾವೇರಿ ಕಡೆಯ ತಮ್ಮ ಊರಿನ ಹೆಸರನ್ನು. ಓದುಗರಿಗೆ ಕುಲಕರ್ಣಿ ಮರೆತೇ ಹೋಯಿತು.

## ಕುರ್ಚಿ ಹೋದದ್ದು ಯಾವಾಗ?

ಒಂದೇ ದಿನ ಹೋಗಲಿಲ್ಲ. ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಬೆಳಗಾವಿಯ ಪಕ್ಕದ ಕೊಲ್ಹಾಪುರದಲ್ಲಿ. 1918ರಲ್ಲಿ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಕುಲಕರ್ಣಿ ವತನ ರದ್ದು ಮಾಡಿ, ತಲಾಠಿಗಳನ್ನು, ಅಂದರೆ ಸಂಬಳಕ್ಕೆ ಊರ ಲೆಕ್ಕ ಬರೆಯುವ ನೌಕರರನ್ನು ನೇಮಿಸಿದರು. ಆ ಕೆಲಸಕ್ಕೆ ಬೇರೆ ಬೇರೆ ಜಾತಿಯವರು ಬರಲು ದಾರಿಯಾಯಿತು.

ಸ್ವಾತಂತ್ರ್ಯದ ನಂತರ ಮುಂಬೈ ರಾಜ್ಯ 1950ರಲ್ಲಿ ಪರಗಣ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯ್ದೆ ಮಾಡಿತು. ಅದು 1951ರ ಮೇ 1ರಿಂದ ಜಾರಿಗೆ ಬಂತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬೈ ರಾಜ್ಯದಲ್ಲೇ ಇದ್ದವು. ರಾಜ್ಯ ಒಂದಾದ ಮೇಲೆ 1961ರಲ್ಲಿ ಮೈಸೂರು ಸರ್ಕಾರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತಂದಿತು. 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಎಲ್ಲಕ್ಕೂ ತೆರೆ ಬಿತ್ತು. ತಮಿಳುನಾಡಿನಲ್ಲಿ ಇದು ಆದದ್ದು 1980ರಲ್ಲಿ, ಎಂಜಿಆರ್ ಕಾಲದಲ್ಲಿ. ಆಂಧ್ರದಲ್ಲಿ 1984ರಲ್ಲಿ, ಎನ್‌ಟಿಆರ್ ಕಾಲದಲ್ಲಿ.

ಹುದ್ದೆಯ ಜೊತೆ ಬಂದಿದ್ದ ಇನಾಮು ಜಮೀನು ಏನಾಯಿತು? ಸರ್ಕಾರ ಅದನ್ನು ಮೊದಲು ತನ್ನ ಹೆಸರಿಗೆ ತೆಗೆದುಕೊಂಡು, ನಿಗದಿ ಹಣ ಕಟ್ಟಿಸಿಕೊಂಡು ಹಳೆಯ ಹುದ್ದೆದಾರರ ಮನೆಯವರಿಗೆ ಮರುಮಂಜೂರು ಮಾಡಿತು. ಕಾಗದದಲ್ಲಿ ಸರಳ. ನೆಲದ ಮೇಲೆ ಇದು ದಾಯಾದಿಗಳ ನಡುವೆ, ಕೊಂಡವರ ನಡುವೆ ಬೇಕಾದಷ್ಟು ವ್ಯಾಜ್ಯ ಹುಟ್ಟಿಸಿತು. ಇಂಥ ಜಮೀನಿನ ಕೇಸುಗಳು ಇವತ್ತಿಗೂ ನಡೆಯುತ್ತ ಇವೆ.

ಆಮೇಲೆ ಬಂದ ಗ್ರಾಮ ಲೆಕ್ಕಿಗನೂ ಕೈಬರಹದ ಪುಸ್ತಕವನ್ನೇ ಇಟ್ಟ. ಅದಕ್ಕೂ ಕೊನೆ ಬಂದದ್ದು ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿ ಅಂದರೆ ಯಾರ ಜಮೀನು, ಎಷ್ಟು, ಯಾವ ಬೆಳೆ ಎಂದು ಹೇಳುವ ದಾಖಲೆ. ಅಂದರೆ ಕುಲಕರ್ಣಿ ಕಡತದಲ್ಲಿ ಬರೆಯುತ್ತಿದ್ದ ಅದೇ ವಿಷಯ. ಈಗ ಅದನ್ನು ಮೊಬೈಲಿನಲ್ಲಿ ನೋಡುತ್ತೇವೆ.

## ಹುದ್ದೆಯಿಲ್ಲದೆಯೂ ಹೆಸರು ಹಬ್ಬಿದ್ದು

ಹೆಸರು ಇಷ್ಟು ಸಾಮಾನ್ಯ ಆಗಲು ಮೊದಲ ಕಾರಣ ಊರುಗಳ ಸಂಖ್ಯೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಊರುಗಳೇ 40 ಸಾವಿರಕ್ಕೂ ಜಾಸ್ತಿ. ಒಬ್ಬ ಕುಲಕರ್ಣಿ ಎರಡು ಮೂರು ಊರು ನೋಡಿಕೊಳ್ಳುತ್ತಿದ್ದ ಕಡೆಗಳನ್ನು ಬಿಟ್ಟರೂ, ಉತ್ತರ ಕರ್ನಾಟಕವನ್ನು ಸೇರಿಸಿದರೆ ಹೆಸರು ಸಾವಿರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿತು. ದೇಶಪಾಂಡೆ, ದೇಸಾಯಿ ಕಡಿಮೆ ಇರಬೇಕಾದದ್ದೂ ಅದಕ್ಕೇ. ಪರಗಣಕ್ಕೊಂದೇ ಕುರ್ಚಿ.

ಎರಡನೆಯದು ಜನಸಂಖ್ಯೆ. ಭಾರತದ ಜನ 1901ರಲ್ಲಿ ಸುಮಾರು 24 ಕೋಟಿ, 2011ರಲ್ಲಿ 121 ಕೋಟಿ. ಸುಮ್ನೆ ಒಂದು ಲೆಕ್ಕ ಹಾಕಿ. ಅಂದು ಒಂದೂರಿನಲ್ಲಿ ಹತ್ತು ಜನ ಕುಲಕರ್ಣಿಗಳಿದ್ದು, ಅವರೂ ದೇಶದ ವೇಗದಲ್ಲೇ ಬೆಳೆದಿದ್ದರೆ ಇವತ್ತು ಐವತ್ತು. ಕುರ್ಚಿ ಒಂದೂ ಇಲ್ಲ.

ಮೂರನೆಯದು ವಲಸೆ. ಅಕ್ಷರವೇ ಕಸುಬಾಗಿದ್ದ ಮನೆಗಳು ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಬೇಗ ಕಳಿಸಿದವು. ಗುಮಾಸ್ತ, ಮಾಸ್ತರ, ವಕೀಲ, ಇಂಜಿನಿಯರ್ ಅಂತ ಧಾರವಾಡಕ್ಕೆ, ಪುಣೆಗೆ, ಮುಂಬೈಗೆ ಹೋದರು. 1948ರಲ್ಲಿ ಗಾಂಧೀಜಿಯ ಹತ್ಯೆಯ ನಂತರ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿಗಳಾದವು. ಆಗ ಹಳ್ಳಿ ಬಿಟ್ಟವರು ಅನೇಕರು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನು ಉಳುವವರಿಗೆ ಹೋಯಿತು. ಊರಿನಲ್ಲಿ ಇರಲು ಇದ್ದ ಕೊನೆಯ ಕಾರಣವೂ ಕೆಲವರಿಗೆ ಹೋಯಿತು.

ಇವತ್ತು ಈ ಹೆಸರು ದಟ್ಟವಾಗಿರುವುದು ಪುಣೆ, ಸಾಂಗ್ಲಿ, ಸೋಲಾಪುರ, ಮರಾಠವಾಡ, ಮತ್ತು ನಮ್ಮಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ. ಬೆಂಗಳೂರು, ಮುಂಬೈ, ಅಮೆರಿಕ ಆಮೇಲಿನ ಪದರ. ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ, ಸುಧಾ ಮೂರ್ತಿಯವರ ತಮ್ಮ, 1982ರಲ್ಲಿ ಸೆಕೆಂಡಿಗೆ 642 ಸುತ್ತು ತಿರುಗುವ ಒಂದು ನಕ್ಷತ್ರವನ್ನು ಕಂಡುಹಿಡಿದ ತಂಡದಲ್ಲಿದ್ದರು. ಎಣಿಸುವ ಕೆಲಸ ಬಿಡಲಿಲ್ಲ, ಎಣಿಸುವ ವಸ್ತು ಬದಲಾಯಿತು ಅಷ್ಟೇ.

ಕೆಲಸದಿಂದ ಬಂದ ಹೆಸರು ಹಬ್ಬುವುದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲಿಷಿನ ಸ್ಮಿತ್ ಅಂದರೆ ಕಮ್ಮಾರ. ಜರ್ಮನಿಯ ಶ್ಮಿಟ್, ರಷ್ಯಾದ ಕುಜ್ನೆತ್ಸೋವ್, ಇಟಲಿಯ ಫೆರಾರಿ, ಅರಬ್ಬರ ಹದ್ದಾದ್, ಎಲ್ಲ ಕಬ್ಬಿಣದ ಕೆಲಸದ ಹೆಸರುಗಳೇ. ನಮ್ಮ ಚಂದ್ರಶೇಖರ ಕಂಬಾರರ ಅಡ್ಡಹೆಸರೂ ಅದೇ. 2010ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸ್ಮಿತ್‌ಗಳು 24 ಲಕ್ಷಕ್ಕೂ ಹೆಚ್ಚು, ದೇಶಕ್ಕೇ ಮೊದಲ ಸ್ಥಾನ. ಭಾರತದ ಜನಗಣತಿ ಹೀಗೆ ಅಡ್ಡಹೆಸರುಗಳ ಪಟ್ಟಿ ಪ್ರಕಟಿಸುವುದಿಲ್ಲ. ಹಾಗಾಗಿ ‘ಭಾರತದಲ್ಲಿ ಇಷ್ಟೇ ಲಕ್ಷ ಕುಲಕರ್ಣಿಗಳು’ ಅಂತ ಇಂಟರ್ನೆಟ್ಟಿನಲ್ಲಿ ಕಂಡರೆ ಅದು ಅಂದಾಜು ಅಂತ ತಿಳಿಯಿರಿ.

ಒಂದು ವ್ಯತ್ಯಾಸ ಮಾತ್ರ ಇದೆ. ಸ್ಮಿತ್‌ನ ಕೆಲಸ ಯಾರು ಬೇಕಾದರೂ ಕಲಿಯಬಹುದಿತ್ತು. ಕುಲಕರ್ಣಿಯದು ಸರ್ಕಾರ ಒಪ್ಪಿದ, ಕಾಗದದಲ್ಲಿ ಬರೆದ ಹಕ್ಕು.

## ನಿಮ್ಮ ಮನೆಯ ಕಾಗದ ಹುಡುಕಬೇಕೆಂದರೆ

ಹಿಂದೆ ಮುಂಬೈ ಕರ್ನಾಟಕ ಅನ್ನುತ್ತಿದ್ದ, ಈಗಿನ ಕಿತ್ತೂರು ಕರ್ನಾಟಕದಲ್ಲಿ ಹಳೆಯ ಲೆಕ್ಕಪತ್ರ ಬಹಳಷ್ಟು ಇರುವುದು ಮೋಡಿ ಲಿಪಿಯಲ್ಲಿ. ಮರಾಠಿಯನ್ನು ಕೈ ಎತ್ತದೆ ವೇಗವಾಗಿ ಬರೆಯುವ ಓಟದ ಅಕ್ಷರ ಅದು. 20ನೇ ಶತಮಾನದ ನಡುವಿನ ಹೊತ್ತಿಗೆ ಬಳಕೆ ತಪ್ಪಿತು. ಪುಣೆಯ ಪೇಶ್ವೆ ದಫ್ತರದಲ್ಲಿ, ಅಂದರೆ ಪೇಶ್ವೆಗಳ ಕಾಲದ ದಾಖಲೆಗಳ ಸಂಗ್ರಹದಲ್ಲಿ, ಮೋಡಿ ಕಾಗದಗಳು ಕೋಟಿಗಟ್ಟಲೆ ಇವೆ. ಎಷ್ಟೋ ಮನೆಗಳ ಅಟ್ಟದ ಮೇಲೆ, ಕೆಂಪು ಬಟ್ಟೆಯ ಗಂಟಿನಲ್ಲಿ ಇನ್ನಷ್ಟಿವೆ. ಬರೆದೇ ಬದುಕಿದ ಅಜ್ಜಂದಿರ ಬರಹವನ್ನು ಮೊಮ್ಮಕ್ಕಳು ಓದಲಾರರು. ಅದಕ್ಕೆ ಪುಣೆಯಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತವೆ.

ಅಂಥ ಗಂಟು ಸಿಕ್ಕರೆ ಮೊದಲು ಹುಡುಕಬೇಕಾದ ಪದ ‘ಮೌಜೆ’. ಹಾಗೆಂದರೆ ಗ್ರಾಮ. ಅದರ ಪಕ್ಕದಲ್ಲಿರುವುದೇ ನಿಮ್ಮವರು ಲೆಕ್ಕ ಬರೆದ ಊರಿನ ಹೆಸರು.